ಮಾಸಪತ್ರಿಕೆಯೂ ಹೊಸ ಕಥೆಗಾರನೂ

೧

ಸಾಹಿತ್ಯಪತ್ರಿಕೆಯ ಕಾರ್ಯಾಲಯಕ್ಕೆ ತಿಂಗಳು ತಿಂಗಳೂ ಬರುವ ಬರಹಗಳ ಕಟ್ಟಿನಲ್ಲಿ ಹೆಸರಾಂತವರ ಲೇಖನಗಳು ಕೆಲವೇ ಇರುತ್ತವೆ; ಉಳಿದವು ಬಹುಮಟ್ಟಿಗೆ ಯಾರೂ ಹೆಸರು ಕೇಳಿರದವರ ಕಥೆಗಳು. ಹಳ್ಳಿಯ ಶಾಲೆಯ ಉಪಾಧ್ಯಾಯರು, ಕಚೇರಿಯ ಗುಮಾಸ್ತರು, ಮನೆಗೆಲಸವೆಲ್ಲ ಮುಗಿದ ಮೇಲೆ ದೀಪದ ಮುಂದೆ ಕುಳಿತ ಗೃಹಿಣಿಯರು, ಪರೀಕ್ಷೆಗೆ ಓದಬೇಕಾದ ಹೊತ್ತನ್ನು ಕದ್ದು ಬರೆದ ವಿದ್ಯಾರ್ಥಿಗಳು, ಇವರೆಲ್ಲರ ಕೈಬರಹವು ಆ ಕಟ್ಟಿನಲ್ಲಿರುತ್ತದೆ. ಈಗ ಕೈಬರಹವು ಕಡಮೆಯಾಗಿ, ಕಥೆಗಳು ಮಿಂಚಂಚೆಯಲ್ಲಿ ಬರುವುದು ಹೆಚ್ಚಾಗಿರಬಹುದು. ಆದರೆ ಕಳುಹಿಸಿದವನ ಎದೆಬಡಿತದಲ್ಲಿ ಇದರಿಂದ ವ್ಯತ್ಯಾಸವೇನೂ ಆಗಿಲ್ಲ. ಆತನು ಕಥೆಯನ್ನು ಮಾತ್ರ ಕಳುಹಿಸಿರುವುದಿಲ್ಲ; 'ನಾನು ಬರೆಯಬಲ್ಲೆನೆ?' ಎಂಬ ಪ್ರಶ್ನೆಯನ್ನೂ ಅದರೊಡನೆ ಕಳುಹಿಸಿರುತ್ತಾನೆ.

ಈ ಪ್ರಶ್ನೆಗೆ ಉತ್ತರ ಕೊಡುವ ಭಾರ ಪತ್ರಿಕೆಯ ಮೇಲಿದೆಯೇ? ಇಲ್ಲವೆನ್ನುವವರುಂಟು. ಪತ್ರಿಕೆಯು ವಾಚಕರ ಹಣದಿಂದ ನಡೆಯುತ್ತದೆ; ವಾಚಕರು ಚಂದಾ ಕೊಡುವುದು ಒಳ್ಳೆಯ ಬರಹವನ್ನು ಓದುವುದಕ್ಕೋಸ್ಕರವೇ ಹೊರತು ಮತ್ತೊಬ್ಬರ ಅಭ್ಯಾಸದ ಖರ್ಚನ್ನು ಹೊರುವುದಕ್ಕೋಸ್ಕರವಲ್ಲ; ಆದುದರಿಂದ ಒಳ್ಳೆಯದನ್ನು ಅಚ್ಚುಮಾಡಿ ಉಳಿದುದನ್ನು ಬಿಟ್ಟರೆ ಸಂಪಾದಕನ ಧರ್ಮವು ತೀರಿತು, ಎಂದು ಅವರ ವಾದ. ಇದಕ್ಕೆ ಎದುರಾಗಿ, ಪತ್ರಿಕೆಯು ಪಾಠಶಾಲೆಯಿದ್ದಂತೆ, ಎಳೆಯ ಲೇಖಕರನ್ನು ಕೈಹಿಡಿದು ನಡೆಸುವುದೇ ಅದರ ಮುಖ್ಯ ಕೆಲಸ, ಅದಕ್ಕಾಗಿ ಕೆಲವು ಪುಟಗಳು ಸಪ್ಪೆಯಾದರೂ ಚಿಂತೆಯಿಲ್ಲವೆನ್ನುವವರೂ ಉಂಟು. ಎರಡು ಮಾತುಗಳಲ್ಲಿಯೂ ಒಂದೊಂದು ಪಾಲು ಸತ್ಯವಿದೆ. ಆ ಪಾಲುಗಳು ಯಾವುವೆಂದು ವಿಂಗಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಜಿಲ್ಲೆಯ ಸಂಘವೊಂದು ನಡೆಸುವ ಪತ್ರಿಕೆಗಳಂಥವಕ್ಕೆ ಇದು ಬರಿಯ ತರ್ಕದ ವಿಷಯವಲ್ಲ. ನಮ್ಮ ಪುಟಗಳು ಕೆಲವೇ; ಬರೆಯುವವರು ಹಲವರು ನೆರೆಹೊರೆಯವರೇ.

೨

ಮೊದಲನೆಯದಾಗಿ, ಓದುವ ಋಣ. ಬಂದ ಕಥೆಯನ್ನು ಅಚ್ಚುಮಾಡಬೇಕೆಂಬ ಕಟ್ಟು ಯಾವ ಪತ್ರಿಕೆಗೂ ಇಲ್ಲ. ಆದರೆ 'ಕಥೆಗಳನ್ನು ಕಳುಹಿಸಿ' ಎಂದು ಪ್ರಕಟಿಸಿದ ಪತ್ರಿಕೆಯು ಬಂದುದನ್ನು ಓದುವೆನೆಂದು ಮಾತು ಕೊಟ್ಟಂತಾಯಿತು. ಬಾಗಿಲಲ್ಲಿ ನಿಂತು ಕರೆದು, ಬಂದವನ ಮುಖ ನೋಡದಿರುವುದು ಗೃಹಸ್ಥನಿಗೆ ಒಪ್ಪುವುದಿಲ್ಲ, ಸಂಪಾದಕನಿಗೂ ಒಪ್ಪುವುದಿಲ್ಲ.

ಬಂಗಾಳದಲ್ಲಿ ನಡೆದ ಒಂದು ಪ್ರಸಂಗವು ಇಲ್ಲಿ ನೆನೆಯತಕ್ಕದ್ದು. ೧೯೨೮ರಲ್ಲಿ ಕಲ್ಕತ್ತೆಯ ಕಾಲೇಜೊಂದರಲ್ಲಿ ಕೆಲವು ಹುಡುಗರು ಹರಟುತ್ತಿದ್ದರು. ದೊಡ್ಡ ಪತ್ರಿಕೆಗಳವರು ಹೆಸರಿಲ್ಲದವರ ಕಥೆಗಳನ್ನು ಓದುವುದೇ ಇಲ್ಲ, ಪರಿಚಯವಿದ್ದವರಿಗೆ ಮಾತ್ರ ಅಲ್ಲಿ ಪ್ರವೇಶ, ಎಂದು ಒಬ್ಬನು ಹೇಳಿದನು. ಗಣಿತಶಾಸ್ತ್ರವನ್ನು ಓದುತ್ತಿದ್ದ ಇನ್ನೊಬ್ಬನು, ಕಥೆ ಚೆನ್ನಾಗಿದ್ದರೆ ಏಕೆ ಹಾಕುವುದಿಲ್ಲವೆಂದು ಪಂತ ಕಟ್ಟಿ, ಒಂದು ಕಥೆಯನ್ನು ಬರೆದು, 'ವಿಚಿತ್ರಾ' ಎಂಬ ಮಾಸಪತ್ರಿಕೆಯ ಕಾರ್ಯಾಲಯಕ್ಕೆ ತಲಪಿಸಿ ಬಂದನು. ಅದೇ ವರ್ಷದ ಕೊನೆಯಲ್ಲಿ ಆ ಕಥೆಯು ಅಚ್ಚಾಯಿತು. ಕಥೆಯ ಹೆಸರು 'ಅತಸೀ ಮಾಮಿ'. ಆ ಹುಡುಗನೇ ಮುಂದೆ ಬಂಗಾಳಿಯ ಹಿರಿಯ ಕಾದಂಬರಿಕಾರರಲ್ಲೊಬ್ಬನೆನಿಸಿದ ಮಾಣಿಕ್ ಬಂದ್ಯೋಪಾಧ್ಯಾಯ. ಇಲ್ಲಿ 'ವಿಚಿತ್ರಾ'ದ ಸಂಪಾದಕ ಉಪೇಂದ್ರನಾಥ ಗಂಗೋಪಾಧ್ಯಾಯರು ಮಾಡಿದ ದೊಡ್ಡ ಉಪದೇಶವೇನೂ ಇಲ್ಲ. ಅವರು ಓದಿದರು, ಅಷ್ಟೆ. ಆದರೆ ಆ ಓದಿನಿಂದ ಒಬ್ಬ ತರುಣನಿಗೆ ಈ ಲೋಕದಲ್ಲಿ ಕೆಲಸಕ್ಕೆ ತಕ್ಕ ನ್ಯಾಯವು ಒಂದೊಂದು ಕಡೆಯಲ್ಲಾದರೂ ದೊರೆಯುತ್ತದೆಂಬ ನಂಬಿಕೆ ಹುಟ್ಟಿತು. ಯಾವ ಬೋಧನೆಯೂ ಈ ನಂಬಿಕೆಯನ್ನು ಕೊಡಲಾರದು.

ಇದಕ್ಕಿಂತ ಮೊದಲು, ೧೯೦೭ರಲ್ಲಿ, 'ಭಾರತೀ' ಎಂಬ ಬಂಗಾಳಿ ಪತ್ರಿಕೆಯಲ್ಲಿ 'ಬಡದೀದಿ' ಎಂಬ ಕಥೆಯು ಕರ್ತೃವಿನ ಹೆಸರಿಲ್ಲದೆ ಕಂತುಕಂತಾಗಿ ಬರತೊಡಗಿತು. ಇದನ್ನು ಬರೆದವರು ರವೀಂದ್ರರೇ ಇರಬೇಕೆಂದು ಹಲವರು ಊಹಿಸಿದರು. ಬರೆದಾತನೋ ರಂಗೂನಿನಲ್ಲಿ ಗುಮಾಸ್ತೆ ಮಾಡಿಕೊಂಡಿದ್ದ ಶರಚ್ಚಂದ್ರ ಚಟ್ಟೋಪಾಧ್ಯಾಯ. ತನ್ನ ಕಥೆಯು ಅಚ್ಚಾಗುತ್ತಿರುವ ಸಂಗತಿಯೇ ಆತನಿಗೆ ಮೊದಲು ತಿಳಿದಿರಲಿಲ್ಲ. ಹೆಸರಿಲ್ಲದೆ ಬಂದ ಬರಹವನ್ನು ವಾಚಕರು ಅದರ ಗುಣದಿಂದಲೇ ಅಳೆದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಹೆಸರನ್ನು ನೋಡದೆ ಓದಬಲ್ಲೆವೇ ಎಂದು ಸಂಪಾದಕನಾದವನು ಆಗಾಗ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಲೇಸು. ದೊಡ್ಡವರ ಸಾಧಾರಣ ಕಥೆಯನ್ನು ಸಂಕೋಚದಿಂದ ಹಾಕಿಕೊಂಡು ಸಣ್ಣವರ ಒಳ್ಳೆಯ ಕಥೆಗೆ 'ಸ್ಥಳವಿಲ್ಲ'ವೆಂದು ಬರೆದರೆ, ಅಲ್ಲಿ ಕೆಟ್ಟುದು ರುಚಿ ಮಾತ್ರವಲ್ಲ, ನ್ಯಾಯವೂ ಕೆಟ್ಟಿತು.

೩

ಪತ್ರಿಕೆಯು ಬೋಧಿಸುವ ರೀತಿ ಬಹು ವಿಚಿತ್ರವಾದುದು. ಅದರ ಪಾಠಗಳಲ್ಲಿ ಹೆಚ್ಚಿನವು ಯಾರೂ ಬಾಯಿಬಿಟ್ಟು ಹೇಳಿದವಲ್ಲ. ಪುಟಕ್ಕೆ ಮಿತಿಯಿದೆ, ತಿಂಗಳಿಗೆ ಗಡುವಿದೆ, ಮುಖ ಕಾಣದ ವಾಚಕನಿದ್ದಾನೆ. ಈ ಮೂವರೇ ಅಲ್ಲಿ ಗುರುಗಳು.

ರಷ್ಯದ ಚೆಖೋವನ ಜೀವನವು ಇದಕ್ಕೆ ಸಾಕ್ಷಿ. ಆತನು ಮಾಸ್ಕೋದಲ್ಲಿ ವೈದ್ಯವನ್ನು ಓದುತ್ತಿದ್ದಾಗ ಮನೆಯವರ ಹೊಟ್ಟೆಪಾಡಿಗಾಗಿ ಹಾಸ್ಯಪತ್ರಿಕೆಗಳಿಗೆ ಬರೆಯತೊಡಗಿದನು. ೧೮೮೨ರಿಂದ ಲೇಯ್ಕಿನನೆಂಬವನ 'ಅಸ್ಕೋಲ್ಕಿ' ಎಂಬ ವಾರಪತ್ರಿಕೆಯಲ್ಲಿ ಆತನ ಕಥೆಗಳು ಬರುತ್ತಿದ್ದುವು. ಕಥೆಯೊಂದು ಸುಮಾರು ನೂರು ಸಾಲುಗಳನ್ನು ಮೀರಕೂಡದೆಂಬುದು ಲೇಯ್ಕಿನನ ಕಟ್ಟಳೆ. ಚೆಖೋವನು ಆ ಕಟ್ಟಳೆಯನ್ನು ಹಳಿದುದೂ ಉಂಟು. ಆದರೆ ನೂರು ಸಾಲಿನಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಬೇಕಾದರೆ ಪೀಠಿಕೆಯನ್ನು ಬಿಡಬೇಕು, ಉಪದೇಶವನ್ನು ಬಿಡಬೇಕು, ಹತ್ತು ವಿಶೇಷಣಗಳ ಕೆಲಸವನ್ನು ಒಂದು ಚಹರೆಯಿಂದ ಮಾಡಿಸಬೇಕು. ಲೋಕವು ಇಂದು ಚೆಖೋವನಲ್ಲಿ ಮೆಚ್ಚುವ ಮಿತಭಾಷಿತ್ವವು ಬಹುಮಟ್ಟಿಗೆ ಆ ಇಕ್ಕಟ್ಟಿನಲ್ಲಿ ಕಲಿತುದು.

ಆದರೆ ಇಕ್ಕಟ್ಟು ಎಂದೆಂದಿಗೂ ಗುರುವಾಗಿರಲಾರದು. ಸಸಿಗೆ ಕುಂಡವು ಆಸರೆ. ಮರಕ್ಕೆ ಅದೇ ಸೆರೆ. ೧೮೮೬ರಲ್ಲಿ ಗ್ರಿಗೊರೊವಿಚ್ ಎಂಬ ಹಿರಿಯ ಲೇಖಕನು, ಪರಿಚಯವಿಲ್ಲದಿದ್ದರೂ ತಾನಾಗಿಯೇ ಚೆಖೋವನಿಗೆ ಕಾಗದ ಬರೆದು, ನಿನ್ನಲ್ಲಿ ನಿಜವಾದ ಪ್ರತಿಭೆಯಿದೆ, ಅವಸರದ ಬರಹದಲ್ಲಿ ಅದನ್ನು ಪೋಲುಮಾಡಬೇಡ, ಅದನ್ನು ಗೌರವಿಸುವುದನ್ನು ಕಲಿ, ಎಂಬರ್ಥದ ಮಾತುಗಳನ್ನು ಹೇಳಿದನು. ಯಾವ ಕಥೆಗೂ ತಾನು ಒಂದು ದಿವಸಕ್ಕಿಂತ ಹೆಚ್ಚು ಹೊತ್ತು ಕೊಟ್ಟ ನೆನಪಿಲ್ಲವೆಂದು ಚೆಖೋವನು ಮರುತ್ತರದಲ್ಲಿ ಒಪ್ಪಿಕೊಂಡನು. ಎರಡು ವರ್ಷಗಳ ಮೇಲೆ, ೧೮೮೮ರಲ್ಲಿ, 'ಸ್ಟೆಪ್ಪಿ' ಎಂಬ ದೀರ್ಘಕಥೆಯು ಆತನ ಹೆಸರಿನಿಂದ 'ಸೇವೆರ್ನಿ ವೇಸ್ತ್ನಿಕ್' ಎಂಬ ಗಂಭೀರವಾದ ಮಾಸಪತ್ರಿಕೆಯಲ್ಲಿ ಬಂದಿತು. ಒಂದು ಪತ್ರಿಕೆ ಬಿಗಿಯನ್ನು ಕಲಿಸಿತು. ಇನ್ನೊಂದು ಹರವನ್ನು ಕೊಟ್ಟಿತು. ನಡುವೆ ಒಬ್ಬ ಹಿರಿಯನ ಕಾಗದವು ದಾರಿ ತೋರಿತು. ಒಬ್ಬ ಲೇಖಕನು ಬೆಳೆಯಬೇಕಾದರೆ ಇಷ್ಟೂ ಬೇಕು. ತನ್ನಲ್ಲಿ ಬರೆದು ಬೆಳೆದವನು ಬೇರೊಂದು ಪತ್ರಿಕೆಗೆ ಹೋದನೆಂದು ಸಿಡುಕುವ ಸಂಪಾದಕನು ಈ ಮಾತನ್ನು ನೆನೆಯಬೇಕು. ಮಗಳನ್ನು ಮದುವೆ ಮಾಡಿ ಕಳುಹಿಸದೆ ಮನೆಯಲ್ಲಿಯೇ ಇಟ್ಟುಕೊಂಡ ತಂದೆಯನ್ನು ನಮ್ಮ ಹಿಂದಿನವರಾರೂ ಹೊಗಳಲಿಲ್ಲ.

೪

ಇನ್ನು ಹೊಗಳಿಕೆಯ ವಿಷಯ. ಹೊಸಬನಿಗೆ ಉತ್ತೇಜನ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಹೊಗಳಿಕೆಯೂ ಔಷಧದಂತೆ. ಪ್ರಮಾಣ ತಪ್ಪಿದರೆ ಅದೇ ರೋಗ.

೧೮೪೫ರ ವಸಂತದಲ್ಲಿ ದಾಸ್ತೊಯೆವ್‌ಸ್ಕಿಯು 'ಬಡಜನರು' ಎಂಬ ತನ್ನ ಮೊದಲ ಕಾದಂಬರಿಯನ್ನು ಮುಗಿಸಿದನು. ಆತನೊಡನೆ ಒಂದೇ ಮನೆಯಲ್ಲಿದ್ದವನು, ನಾವು ಮೇಲೆ ಕಂಡ ಅದೇ ಗ್ರಿಗೊರೊವಿಚ್. ಆಗ ಅವನೂ ತರುಣ. ಅವನೂ ಸಂಪಾದಕನಾಗಿದ್ದ ಕವಿ ನೆಕ್ರಾಸೊವನೂ ಹಸ್ತಪ್ರತಿಯನ್ನು ಹಿಡಿದು ಕುಳಿತವರು ಇರುಳೆಲ್ಲ ಓದಿ ಮುಗಿಸಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಲೇಖಕನ ಬಾಗಿಲು ತಟ್ಟಿ ಅವನನ್ನು ಅಪ್ಪಿಕೊಂಡರು. ವಿಮರ್ಶಕರಲ್ಲಿ ಅಗ್ರಗಣ್ಯನಾದ ಬೆಲಿನ್‌ಸ್ಕಿಯೂ ಅಷ್ಟೇ ಉತ್ಸಾಹದಿಂದ ಕೊಂಡಾಡಿದನು. ಬಹು ವರ್ಷಗಳ ತರುವಾಯ, ೧೮೭೭ರಲ್ಲಿ, ದಾಸ್ತೊಯೆವ್‌ಸ್ಕಿಯು ತನ್ನ ಜೀವನದ ಅತ್ಯಂತ ಆನಂದದ ಗಳಿಗೆ ಅದೆಂದು ಸ್ಮರಿಸಿದನು. ಇದು ಕಥೆಯ ಒಂದು ಭಾಗ. ಇನ್ನೊಂದು ಭಾಗವಿದೆ. ೧೮೪೬ರ ಆದಿಯಲ್ಲಿ 'ಬಡಜನರು' ಪ್ರಕಟವಾದ ಕೆಲವೇ ದಿವಸಗಳಲ್ಲಿ ಅವನ ಎರಡನೆಯ ಕೃತಿಯಾದ 'ಜೋಡಿ' ಬಂದಿತು. ಅದು ಮೊದಲಿನಂತಿರಲಿಲ್ಲ. ಬೆಲಿನ್‌ಸ್ಕಿಯ ಉತ್ಸಾಹವು ತಣ್ಣಗಾಯಿತು. ಮೊದಲು ಎತ್ತಿ ಮೆರೆಸಿದ ಗೆಳೆಯರೇ ಅವನ ಅಹಂಕಾರವನ್ನು ಕುರಿತು ಪರಿಹಾಸ್ಯದ ಪದ್ಯ ಕಟ್ಟಿದರು. ಇಪ್ಪತ್ತನಾಲ್ಕು ವರ್ಷದವನನ್ನು ಆಕಾಶಕ್ಕೇರಿಸಿದವರು ಅವನು ಇಳಿಯುವುದಕ್ಕೆ ಏಣಿಯನ್ನು ಇಟ್ಟಿರಲಿಲ್ಲ.

ಹೊಗಳಿಕೆಯು ಕಥೆಗೆ ಸಲ್ಲಬೇಕು, ಕಥೆಗಾರನಿಗಲ್ಲ. 'ಈ ಕಥೆಯಲ್ಲಿ ಮುದುಕಿಯು ಮಗನಿಗೆ ಬಡಿಸುವ ಭಾಗವು ಚೆನ್ನಾಗಿದೆ' ಎಂದರೆ ಬರೆದವನಿಗೆ ಏನು ಮಾಡಿದುದರಿಂದ ಚೆನ್ನಾಯಿತೆಂಬುದು ತಿಳಿಯುತ್ತದೆ. ಮತ್ತೊಂದು ಸಲ ಅದನ್ನು ಮಾಡಬಲ್ಲನು. 'ನೀವು ಮಹಾಪ್ರತಿಭಾಶಾಲಿಗಳು' ಎಂದರೆ ಅವನಿಗೆ ತಿಳಿಯುವುದೇನೂ ಇಲ್ಲ. ಮುಂದಿನ ಕಥೆಯನ್ನು ಬರೆಯುವಾಗ ಕೈ ನಡುಗುವುದಕ್ಕೆ ಒಂದು ಕಾರಣ ಮಾತ್ರ ಹೆಚ್ಚಾಗುತ್ತದೆ. ಸಭೆಯಲ್ಲಿ ಹಾರ ಹಾಕುವುದು ಸುಲಭ. ಎರಡನೆಯ ಕಥೆಯು ಕೆಟ್ಟಾಗ ಕೂಡ ಅದೇ ಮರ್ಯಾದೆಯಿಂದ ಓದುವುದು ಕಷ್ಟ; ಹೊಸಬನಿಗೆ ಬೇಕಾದುದು ಈ ಎರಡನೆಯದು.

೫

ಈಗ ವಿಷಯದ ಗಂಟಿಗೆ ಬಂದೆವು. ಸಂಪಾದಕನಿಗೆ ತಿದ್ದುವ ಹಕ್ಕಿದೆಯೇ? ಇದ್ದರೆ ಎಷ್ಟು?

೧೮೫೨ರಲ್ಲಿ ಕಾಕಸಸ್ ಪರ್ವತಪ್ರಾಂತದ ಸೈನ್ಯದಲ್ಲಿದ್ದ ತರುಣನೊಬ್ಬನು ತನ್ನ ಮೊದಲ ಕೃತಿಯನ್ನು ನೆಕ್ರಾಸೊವನ 'ಸವ್ರೆಮೆನ್ನಿಕ್' ಪತ್ರಿಕೆಗೆ ಕಳುಹಿಸಿ, ಹೆಸರಿನ ಮೊದಲಕ್ಷರಗಳನ್ನು ಮಾತ್ರ ಹಾಕಿದನು. ನೆಕ್ರಾಸೊವನು ಅದನ್ನು ಮೆಚ್ಚಿ ಅಚ್ಚುಮಾಡಿದನು. ಆದರೆ ಅಚ್ಚಾದ ಸಂಚಿಕೆಯನ್ನು ಬಿಚ್ಚಿದಾಗ ಲೇಖಕನಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. 'ಬಾಲ್ಯ' ಎಂದು ಅವನಿಟ್ಟ ಹೆಸರು 'ನನ್ನ ಬಾಲ್ಯದ ಕಥೆ' ಎಂದಾಗಿತ್ತು. ಒಳಗೂ ಮಾತುಗಳು ಕತ್ತರಿಸಿಹೋಗಿದ್ದುವು. ಅವುಗಳಲ್ಲಿ ಕೆಲವು ಸರ್ಕಾರದ ನಿಯಂತ್ರಕರ ಕತ್ತರಿಯ ಕೆಲಸ. ತಾನು ಬರೆಯಹೊರಟುದು ಬಾಲ್ಯವೆಂಬ ಅವಸ್ಥೆಯ ಚಿತ್ರವನ್ನು. ಯಾರೋ ಒಬ್ಬನ ಬಾಲ್ಯದ ವೃತ್ತಾಂತವು ಯಾರಿಗೆ ಬೇಕು, ಎಂಬುದು ಆ ತರುಣನ ಅಳಲು. ಆ ತರುಣನೇ ಟಾಲ್‌ಸ್ಟಾಯ್. ಒಂದೆರಡು ಪದಗಳನ್ನು ಸೇರಿಸಿದುದರಿಂದ ಕೃತಿಯ ದೃಷ್ಟಿಯೇ ಓರೆಯಾಗಬಹುದೆಂಬುದಕ್ಕೆ ಇದು ನಿದರ್ಶನ. ನೆಕ್ರಾಸೊವನು ದುರುದ್ದೇಶದವನಲ್ಲ. ಆದರೆ ಸದುದ್ದೇಶವೊಂದೇ ಸಾಲದು, ಕೇಳುವ ತಾಳ್ಮೆಯೂ ಬೇಕು.

ಇನ್ನೊಂದು ಉದಾಹರಣೆಯು ನಮ್ಮ ಕಾಲಕ್ಕೆ ಹತ್ತಿರದ್ದು. ಅಮೆರಿಕದ ರೇಮಂಡ್ ಕಾರ್ವರ್ ಎಂಬ ಕಥೆಗಾರನನ್ನು ಮೊದಲು ದೊಡ್ಡ ವಾಚಕವರ್ಗದ ಮುಂದೆ ನಿಲ್ಲಿಸಿದವನು 'ಎಸ್ಕ್ವೈರ್' ಪತ್ರಿಕೆಯ ಕಥಾವಿಭಾಗದ ಸಂಪಾದಕ ಗಾರ್ಡನ್ ಲಿಶ್. ೧೯೭೧ರಲ್ಲಿ ಕಾರ್ವರನ 'ನೆರೆಯವರು' ಎಂಬ ಕಥೆಯು ಅಲ್ಲಿ ಬಂದಿತು. ಮುಂದೆ ಲಿಶ್ ಪುಸ್ತಕಪ್ರಕಾಶನಕ್ಕೆ ಹೋದ ಮೇಲೆ ಕಾರ್ವರನ ಕಥಾಸಂಗ್ರಹವೊಂದನ್ನು ತಿದ್ದುವಾಗ ಹಸ್ತಪ್ರತಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನೇ ತೆಗೆದುಹಾಕಿದನು. ೧೯೮೦ರ ಜುಲೈ ತಿಂಗಳಲ್ಲಿ ಕಾರ್ವರನು ದೀರ್ಘವಾದ ಕಾಗದ ಬರೆದು, ಪುಸ್ತಕವನ್ನು ನಿಲ್ಲಿಸಬೇಕೆಂದು ಬೇಡಿಕೊಂಡನು. ಆದರೂ ೧೯೮೧ರಲ್ಲಿ ಪುಸ್ತಕವು ಹೊರಬಂದಿತು. ವಿಮರ್ಶಕರು ಅದರ ಬಿಗಿಯನ್ನು ಬಹುವಾಗಿ ಮೆಚ್ಚಿದರು. ಕಾರ್ವರನಿಗೆ ಕೀರ್ತಿ ಬಂದಿತು. ಆದರೆ ಆ ಕೀರ್ತಿ ಯಾರದು?

ಅದರಲ್ಲಿನ ಒಂದು ಕಥೆಯನ್ನು ನೋಡೋಣ. ಮಗನ ಹುಟ್ಟುಹಬ್ಬಕ್ಕೆ ತಾಯಿ ರೊಟ್ಟಿಯಂಗಡಿಯವನಲ್ಲಿ ತಿಂಡಿಯನ್ನು ಮಾಡಹೇಳಿರುತ್ತಾಳೆ. ಹುಟ್ಟಿದ ದಿವಸವೇ ಹುಡುಗನಿಗೆ ಮೋಟಾರು ತಾಕಿ ಆಸ್ಪತ್ರೆಗೆ ಸೇರುತ್ತಾನೆ. ಇದೊಂದನ್ನೂ ಅರಿಯದ ಅಂಗಡಿಯವನು ಹಣಕ್ಕಾಗಿ ಮತ್ತೆ ಮತ್ತೆ ದೂರವಾಣಿಯಲ್ಲಿ ಕರೆಯುತ್ತಾನೆ. ಲಿಶ್ ತಿದ್ದಿದ ಪಾಠವು, ತಾಯಿ ಮನೆಗೆ ಬಂದಾಗ ದೂರವಾಣಿಯು ಮೊಳಗುವಲ್ಲಿಗೆ ಫಕ್ಕನೆ ನಿಂತುಬಿಡುತ್ತದೆ. ಅಲ್ಲಿ ಉಳಿಯುವುದು ಭಯವೊಂದೇ. ಕಾರ್ವರನು ಮುಂದೆ ೧೯೮೩ರಲ್ಲಿ ಪ್ರಕಟಿಸಿದ ವಿಸ್ತಾರವಾದ ಪಾಠದಲ್ಲಿ, ಮಗನನ್ನು ಕಳೆದುಕೊಂಡ ತಂದೆತಾಯಿಗಳು ಆ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ನಾಚಿ, ಕ್ಷಮೆ ಬೇಡಿ, ಅವರನ್ನು ಕುಳ್ಳಿರಿಸಿ, ಬಿಸಿ ರೊಟ್ಟಿಯನ್ನು ತಿನ್ನಲು ಕೊಡುತ್ತಾನೆ. ಎರಡೂ ಸಮರ್ಥವಾದ ಕಥೆಗಳೇ. ಯಾವುದು ಮೇಲೆಂದು ರಸಿಕರು ಇಂದಿಗೂ ವಾದಿಸುತ್ತಾರೆ. ಆದರೆ ಧರ್ಮದ ಪ್ರಶ್ನೆ ಅದಲ್ಲ. ಒಂದು ಕಥೆಯು ಲೋಕದಲ್ಲಿ ಕರುಣೆಗೆ ಎಡೆಯಿದೆಯೆನ್ನುತ್ತದೆ. ಇನ್ನೊಂದು ಆ ಮಾತನ್ನು ಆಡುವುದಿಲ್ಲ. ಒಬ್ಬನು ಕಂಡ ಲೋಕವನ್ನು ಅಳಿಸಿ ಬೇರೊಬ್ಬನು ಕಂಡ ಲೋಕವನ್ನು ಅವನ ಹೆಸರಿನಲ್ಲಿ ಅಚ್ಚುಮಾಡಬಹುದೇ? ಫಲವು ಚೆನ್ನಾಯಿತೆಂಬುದು ಉತ್ತರವಾಗಲಾರದು. ನೆರೆಯವನ ಹೊಲವನ್ನು ಕೇಳದೆ ಉತ್ತವನು ಒಳ್ಳೆಯ ಬೆಳೆಯನ್ನೇ ತೆಗೆದರೂ ಹೊಲವು ಅವನದಾಗುವುದಿಲ್ಲ.

ಹಾಗಾದರೆ ತಿದ್ದಲೇಬಾರದೆ? ತಿದ್ದದ ಸಂಪಾದಕನು ಅಂಚೆಯ ಪೆಟ್ಟಿಗೆಗೆ ಸಮಾನ. ಕಾಗುಣಿತದ ತಪ್ಪು, ಒಂದೇ ಮಾತಿನ ಪುನರುಕ್ತಿ, ಸೋಮವಾರವೆಂದು ಆರಂಭಿಸಿದ ದಿವಸವು ಕೊನೆಯಲ್ಲಿ ಗುರುವಾರವಾಗುವುದು, ಇಂಥವನ್ನು ಸರಿಪಡಿಸುವುದು ಕಳೆ ಕೀಳುವ ಕೆಲಸ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಥೆಯ ಮೊದಲ ಎರಡು ಪುಟಗಳು ಬೇಕಿಲ್ಲವೆಂದು ತೋರಿದರೆ ಹಾಗೆಂದು ಬರೆದವನಿಗೆ ತಿಳಿಸಿ, ಕಾರಣ ಹೇಳಿ, ಅವನ ಕೈಯಿಂದಲೇ ತೆಗೆಸುವುದು ಕೊಂಬೆ ಸವರುವ ಕೆಲಸ. ಅದಕ್ಕೆ ಅವನ ಒಪ್ಪಿಗೆ ಬೇಕು. ಕೊನೆಯನ್ನು ಬದಲಾಯಿಸುವುದು, ಪಾತ್ರದ ಸ್ವಭಾವವನ್ನು ತಿರುಗಿಸುವುದು, ಇದು ಒಂದು ಮರಕ್ಕೆ ಇನ್ನೊಂದರ ಕಸಿ ಕಟ್ಟುವಂಥದು. ಅದನ್ನು ಮಾಡಬೇಕೆನ್ನಿಸಿದ ಸಂಪಾದಕನು ತಾನೇ ಬೇರೊಂದು ಕಥೆಯನ್ನು ಬರೆಯುವುದು ಲೇಸು. ತಿದ್ದುಪಡಿಯಿಂದ ಕಥೆ ಮೇಲಾಗುವುದು ಚಿಕ್ಕ ಲಾಭ; ಕಥೆಗಾರನು ಮೇಲಾಗುವುದು ದೊಡ್ಡ ಲಾಭ. ಕೇಳದೆ ತಿದ್ದಿದರೆ ಮೊದಲನೆಯದು ಮಾತ್ರ ದೊರೆತೀತು.

ಕನ್ನಡದ ಮಟ್ಟಿಗೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಕನ್ನಡವು ಒಂದೇ ಬಗೆಯದಲ್ಲ. ಧಾರವಾಡದ ಮಾತು ಮೈಸೂರಿನದಲ್ಲ. ಕುಂದಾಪುರದ ಮಾತು ಕಲಬುರ್ಗಿಯದಲ್ಲ. ಒಂದೇ ಊರಿನಲ್ಲಿ ಕೇರಿಯಿಂದ ಕೇರಿಗೆ ನುಡಿ ಬೇರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನೇ, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷವಿಂತಿಷ್ಟೆಂದು ನಿರ್ಣಯಿಸಹೊರಟರೆ ವಾಸುಕಿಗೂ ಬೇಸರವಾದೀತೆಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಸಾವಿರ ನಾಲಗೆಯ ಸರ್ಪರಾಜನಿಗೆ ಸಾಧ್ಯವಾಗದುದನ್ನು ಒಂದು ಕೆಂಪು ಲೇಖನಿಯಿಂದ ಸಾಧಿಸಲು ಹೊರಡುವುದು ಸಾಹಸವೇ ಸರಿ. ಹಳ್ಳಿಯ ಹುಡುಗನೊಬ್ಬನು ತನ್ನ ಅಜ್ಜಿಯ ಮಾತನ್ನು ಅಜ್ಜಿ ಆಡಿದಂತೆಯೇ ಬರೆದು ಕಳುಹಿಸಿದಾಗ, ಅದನ್ನು ಪುಸ್ತಕದ ಭಾಷೆಗೆ ತಿರುಗಿಸಿ ಅಚ್ಚುಮಾಡಿದರೆ, 'ನಿನ್ನ ಅಜ್ಜಿಯ ಮಾತು ಅಚ್ಚಿಗೆ ಯೋಗ್ಯವಲ್ಲ' ಎಂಬ ಪಾಠವನ್ನು ಅವನಿಗೆ ಕಲಿಸಿದಂತಾಯಿತು. ೧೯೮೪ರಲ್ಲಿ ಬಂದ ದೇವನೂರ ಮಹಾದೇವರ 'ಕುಸುಮಬಾಲೆ'ಯು ಪೂರ್ತಿಯಾಗಿ ತನ್ನ ಸೀಮೆಯ ಆಡುನುಡಿಯಲ್ಲಿದ್ದು, ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯನ್ನು ಪಡೆಯಿತು. ಶಿಷ್ಟಭಾಷೆಯ ಅಭಿಮಾನಿಯಾದ ಸಂಪಾದಕನೊಬ್ಬನ ಕೈಗೆ ಅದು ಸಿಕ್ಕಿ 'ಶುದ್ಧ'ವಾಗಿದ್ದರೆ ಏನು ಉಳಿಯುತ್ತಿತ್ತು? ವ್ಯಾಕರಣವು ಉಳಿಯುತ್ತಿತ್ತು, ಕೃತಿಯು ಹೋಗುತ್ತಿತ್ತು.

೬

ಕೊನೆಯದಾಗಿ ನಿರಾಕರಣೆ. ಬರುವ ಕಥೆಗಳಲ್ಲಿ ಹೆಚ್ಚಿನವನ್ನು ಹಿಂತಿರುಗಿಸಲೇಬೇಕಾಗುತ್ತದೆ. ಇಲ್ಲಿ ದಯೆಗೂ ಸತ್ಯಕ್ಕೂ ಜಗಳ ಬರುತ್ತದೆ. ನೆರೆಯೂರಿನ ತರುಣನು ಎರಡು ವರ್ಷಗಳಿಂದ ಕಳುಹಿಸುತ್ತಿದ್ದಾನೆ. ಕಥೆ ಇನ್ನೂ ಹದಕ್ಕೆ ಬಂದಿಲ್ಲ. ಒಂದನ್ನಾದರೂ ಹಾಕೋಣ, ಪಾಪ, ಉತ್ಸಾಹ ಬಂದೀತು, ಎಂದು ಮನಸ್ಸು ಕರಗುತ್ತದೆ. ಜಿಲ್ಲಾಪತ್ರಿಕೆಗಳಿಗೆ ಇದು ನಿತ್ಯದ ಸಂಕಟ.

ನನ್ನ ಅಭಿಪ್ರಾಯವಿದು: ಪತ್ರಿಕೆಯ ಪುಟಗಳು ವಾಚಕರವು, ಸಂಪಾದಕನ ಸಮಯವು ಬರೆಯುವವರದು. ಆದುದರಿಂದ ಪುಟವನ್ನು ದಾನವಾಗಿ ಕೊಡಕೂಡದು, ಸಮಯವನ್ನು ಕೊಡಬೇಕು. ಹದಕ್ಕೆ ಬಾರದ ಕಥೆಯನ್ನು ದಯೆಯಿಂದ ಅಚ್ಚುಮಾಡಿದರೆ ಮೂವರಿಗೆ ಅನ್ಯಾಯ. ವಾಚಕನಿಗೆ ಅನ್ಯಾಯವೆಂಬುದು ಸ್ಪಷ್ಟ. ಅದೇ ತಿಂಗಳು ಒಳ್ಳೆಯ ಕಥೆಯನ್ನು ಕಳುಹಿಸಿ ಸ್ಥಳ ಸಿಗದೆ ಹೋದ ಬೇರೊಬ್ಬ ಹೊಸಬನಿಗೆ ಅನ್ಯಾಯ. ಅವನ ಮುಖ ನಮಗೆ ಕಾಣುವುದಿಲ್ಲವಾದುದರಿಂದ ಅದನ್ನು ಮರೆಯುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ, ಅಚ್ಚಾದವನಿಗೇ ಅನ್ಯಾಯ. ಅವನು ತಾನು ಕಲಿತಾಯಿತೆಂದು ತಿಳಿದು ಅಲ್ಲಿಯೇ ನಿಲ್ಲುತ್ತಾನೆ.

ಸಮಯವನ್ನು ಕೊಡುವುದೆಂದರೇನೆಂಬುದನ್ನು ಗೋರ್ಕಿಯಿಂದ ಕಲಿಯಬಹುದು. ೧೯೦೬ರಿಂದ ೧೯೧೦ರವರೆಗೆ ಆತನು ಶಾಲೆಯ ವಿದ್ಯೆಯಿಲ್ಲದೆ ತಾವಾಗಿಯೇ ಬರೆಯಲು ಕಲಿತ ಸಾಮಾನ್ಯಜನರ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಓದಿದನು. ೧೯೧೧ರಲ್ಲಿ ಆ ಅನುಭವವನ್ನು ಕುರಿತು ಒಂದು ಲೇಖನವನ್ನೂ ಬರೆದನು. ಮುಂದೆ ೧೯೩೦ರಲ್ಲಿ ಹೊಸ ಲೇಖಕರಿಗೆ ಬರವಣಿಗೆಯನ್ನು ಕಲಿಸುವುದಕ್ಕೆಂದೇ 'ಸಾಹಿತ್ಯಾಭ್ಯಾಸ' ಎಂಬರ್ಥದ ಹೆಸರಿನ ಪತ್ರಿಕೆಯೊಂದನ್ನು ಸ್ಥಾಪಿಸಿದನು. ಗೋರ್ಕಿ ತಾನೂ ಹೀಗೆಯೇ ಕಲಿತವನು. ಚೆಖೋವನು ಅವನಿಗೆ ಬರೆದ ಕಾಗದಗಳಲ್ಲಿ ನಿನ್ನ ವರ್ಣನೆಗಳಲ್ಲಿ ಸಂಯಮವಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದನು. ಹಾಗೆ ಹೇಳಿಸಿಕೊಂಡವನು ಕುಗ್ಗಲಿಲ್ಲ, ಮುನಿಯಲಿಲ್ಲ. ಹೇಳಿದವನು ಪೂರ್ತಿಯಾಗಿ ಓದಿದ್ದಾನೆಂಬುದು ಪ್ರತಿಯೊಂದು ಮಾತಿನಲ್ಲಿಯೂ ತೋರುತ್ತಿದ್ದುದೇ ಅದಕ್ಕೆ ಕಾರಣ. ಕಟುವಾದ ಮಾತನ್ನು ಮನುಷ್ಯನು ತಾಳಿಕೊಳ್ಳುತ್ತಾನೆ; ಓದದೆ ಆಡಿದ ಸಿಹಿಮಾತನ್ನು ತಾಳಿಕೊಳ್ಳುವುದು ಕಷ್ಟ. ಎಲ್ಲಕ್ಕಿಂತ ಕಷ್ಟವಾದುದು ಮೌನ. ತಿಂಗಳುಗಟ್ಟಲೆ ಉತ್ತರವಿಲ್ಲದೆ ಕಾದವನು ತನ್ನ ಕಥೆಯ ದೋಷವನ್ನು ತಿಳಿಯುವುದಿಲ್ಲ; ತಾನೇ ದೋಷವೆಂದು ತಿಳಿಯುತ್ತಾನೆ.

ಇಷ್ಟೊಂದು ಜನಕ್ಕೆ ಉತ್ತರ ಬರೆಯುತ್ತ ಕುಳಿತರೆ ಪತ್ರಿಕೆ ನಡೆಯುವುದೆಂತು, ಎಂದು ಕೇಳಬಹುದು. ಸಂಬಳವಿಲ್ಲದೆ ರಾತ್ರಿ ಕುಳಿತು ಕರಡು ತಿದ್ದುವ ಸಂಪಾದಕರ ಕಷ್ಟವು ಅಲ್ಪವಲ್ಲ. ಎಲ್ಲರಿಗೂ ದೀರ್ಘವಾದ ಉಪದೇಶ ಬೇಕಿಲ್ಲ. ಒಂದು ವಾಕ್ಯ ಸಾಕು. ಆದರೆ ಅದು ಆ ಕಥೆಗೆ ಮಾತ್ರ ಸಲ್ಲುವ ವಾಕ್ಯವಾಗಿರಬೇಕು, ನಿಜವಾಗಿರಬೇಕು. 'ನಿಮ್ಮ ಕಥೆ ಮೂರನೆಯ ಪುಟದಲ್ಲಿ ಆರಂಭವಾಗುತ್ತದೆ' ಎಂಬ ಒಂದು ಮಾತಿನಿಂದ ಒಬ್ಬನು ಒಂದು ವರ್ಷದ ಅಭ್ಯಾಸವನ್ನು ಉಳಿಸಿಕೊಂಡಾನು. ಸಂಪಾದಕನೊಬ್ಬನಿಂದ ಆಗದಿದ್ದರೆ ಸಂಘದ ಸದಸ್ಯರಲ್ಲಿ ಓದುಬಲ್ಲ ನಾಲ್ವರು ಹಂಚಿಕೊಳ್ಳಬಹುದು. ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ ಬಹುಮಾನ ಕೊಡುವುದಕ್ಕಿಂತ ಇದು ಕಡಮೆ ಸದ್ದಿನ ಕೆಲಸ, ಹೆಚ್ಚು ಫಲದ ಕೆಲಸ.

ಬರೆಯುವವನಿಗೂ ಧರ್ಮವುಂಟು. ಪತ್ರಿಕೆಗೆ ಯಾವುದು ಇಷ್ಟವೆಂದು ಮೂಸಿ ನೋಡಿ ಅದೇ ಬಗೆಯದನ್ನು ಒದಗಿಸುವವನು ಬೇಗ ಅಚ್ಚಾದಾನು, ಆದರೆ ಬೇಗ ಬರಿದಾದಾನು. ಪ್ರತಿಯೊಂದು ಪ್ರಬಲವಾದ ಪತ್ರಿಕೆಯ ಸುತ್ತಲೂ ಅದರ ಧಾಟಿಯನ್ನು ಅನುಕರಿಸುವವರ ಗುಂಪೊಂದು ಬೆಳೆಯುವುದನ್ನು ನಾವು ಕಂಡಿದ್ದೇವೆ. ಅಂಥ ಅನುಕರಣೆಯನ್ನು ಕಂಡೊಡನೆ ಹಿಗ್ಗದೆ ಎಚ್ಚರಗೊಳ್ಳುವುದು ಸಂಪಾದಕನ ಯೋಗ್ಯತೆಗೆ ಒರೆಗಲ್ಲು. ತನ್ನ ರುಚಿಗೆ ವಿರುದ್ಧವಾದರೂ ಜೀವವಿರುವ ಕಥೆಯನ್ನು ಗುರುತಿಸಿ ಹಾಕಬಲ್ಲವನೇ ನಿಜವಾದ ಸಂಪಾದಕ.

೭

ಕನ್ನಡದ ಸಣ್ಣಕಥೆಯು ಹುಟ್ಟಿದುದೇ ಪತ್ರಿಕೆಗಳ ಮಡಿಲಲ್ಲಿ. ೧೯೦೦ರ ಸುಮಾರಿನಲ್ಲಿ ಮಂಗಳೂರಿನ 'ಸುವಾಸಿನಿ'ಯಲ್ಲಿ ಪಂಜೆ ಮಂಗೇಶರಾಯರ ಕಥೆಗಳು ಬಂದುವು. ೧೯೧೯ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ 'ಪ್ರಬುದ್ಧ ಕರ್ಣಾಟಕ'ವು ಹುಟ್ಟಿತು. ೧೯೨೨ರಲ್ಲಿ ಧಾರವಾಡದಲ್ಲಿ ಆಲೂರ ವೆಂಕಟರಾಯರ 'ಜಯ ಕರ್ನಾಟಕ'. 'ಶ್ರೀನಿವಾಸ'ರೆಂಬ ಹೆಸರಿನಿಂದ ಕಥೆ ಬರೆದು ಕನ್ನಡಕ್ಕೆ ಆ ಪ್ರಕಾರವನ್ನು ನೆಲೆಗೊಳಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ೧೯೪೪ರಿಂದ ೧೯೬೫ರವರೆಗೆ 'ಜೀವನ'ವನ್ನು ಸಂಪಾದಿಸಿದರು. ಸ್ವಂತ ಬರವಣಿಗೆಗೆ ಸಲ್ಲಬಹುದಾಗಿದ್ದ ಎರಡು ದಶಕಗಳ ಹೊತ್ತಿನಲ್ಲಿ ಒಂದು ದೊಡ್ಡ ಪಾಲನ್ನು ಅವರು ಇತರರ ಬರವಣಿಗೆಗೆ ಕೊಟ್ಟರೆಂದಾಯಿತು. ತರುವಾಯ ೧೯೬೨ರಲ್ಲಿ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ', ೧೯೬೪ರಲ್ಲಿ ಧಾರವಾಡದ 'ಸಂಕ್ರಮಣ', ೧೯೮೧ರಲ್ಲಿ ಅನಂತಮೂರ್ತಿಯವರ 'ರುಜುವಾತು', ೨೦೦೫ರಲ್ಲಿ ವಿವೇಕ ಶಾನಭಾಗರ 'ದೇಶ ಕಾಲ', ಹೀಗೆ ಪ್ರತಿಯೊಂದು ತಲೆಮಾರೂ ತನ್ನ ಪತ್ರಿಕೆಯನ್ನು ಕಟ್ಟಿಕೊಂಡಿತು.

ಇವುಗಳಲ್ಲಿ ಬಹುತೇಕ ನಿಂತುಹೋಗಿವೆ. ಬಂಗಾಳದಲ್ಲಿ ರವೀಂದ್ರರ ಎಷ್ಟೋ ಉತ್ತಮವಾದ ಕಥೆಗಳನ್ನು ಪ್ರಕಟಿಸಿದ 'ಸಾಧನಾ' ಬದುಕಿದುದು ೧೮೯೧ರಿಂದ ೧೮೯೫ರವರೆಗೆ ನಾಲ್ಕೇ ವರ್ಷ. ಸಾಹಿತ್ಯಪತ್ರಿಕೆಯ ಆಯುಸ್ಸು ಅಲ್ಪವೆಂದು ಕೊರಗುವುದು ವಾಡಿಕೆ. ಆದರೆ ಆಯುಸ್ಸಿನಿಂದ ಅದನ್ನು ಅಳೆಯುವುದು ಸರಿಯೆಂದು ತೋರುವುದಿಲ್ಲ. ಬಿತ್ತನೆಯ ಬುಟ್ಟಿಯು ಸುಗ್ಗಿಯ ಕಾಲಕ್ಕೆ ಬರಿದಾಗಿರುವುದು ಸಹಜ. ಅದು ತುಂಬಿಯೇ ಇದ್ದರೆ ಯಾರೂ ಬಿತ್ತಲಿಲ್ಲವೆಂದರ್ಥ.

ಆದುದರಿಂದ ಆರಂಭದಲ್ಲಿ ಕಂಡ ಎರಡು ವಾದಗಳಿಗೆ ಹೀಗೆ ಸಮಾಧಾನ ಹೇಳಬಹುದು. ಪತ್ರಿಕೆಯು ವಾಚಕರಿಗೆ ಋಣಿ. ಅದನ್ನು ಒಳ್ಳೆಯದನ್ನೇ ಅಚ್ಚುಮಾಡಿ ತೀರಿಸಬೇಕು. ಪತ್ರಿಕೆಯು ಹೊಸ ಲೇಖಕನಿಗೂ ಋಣಿ. ಅದನ್ನು ಓದುವುದರಿಂದಲೂ, ನಿಜ ಹೇಳುವುದರಿಂದಲೂ, ಅವನ ಕಥೆಯನ್ನು ಅವನದಾಗಿಯೇ ಉಳಿಸುವುದರಿಂದಲೂ ತೀರಿಸಬೇಕು. ಈ ಎರಡು ಋಣಗಳು ಒಂದಕ್ಕೊಂದು ಅಡ್ಡಬರುವುದು ಸಂಪಾದಕನು ಒಂದರ ಹಣದಿಂದ ಇನ್ನೊಂದನ್ನು ತೀರಿಸಹೊರಟಾಗ ಮಾತ್ರ. ಕಥೆ ಕಳುಹಿಸಿದ ಆ ಉಪಾಧ್ಯಾಯನಿಗೋ ಗೃಹಿಣಿಗೋ ವಿದ್ಯಾರ್ಥಿಗೋ, 'ನಾನು ಬರೆಯಬಲ್ಲೆನೆ?' ಎಂಬ ಪ್ರಶ್ನೆಗೆ ಬೇರೊಬ್ಬರು ಪೂರ್ತಿ ಉತ್ತರ ಕೊಡಲಾರರು. ಅದನ್ನು ಅವರು ಮುಂದಿನ ಕಥೆಯನ್ನು ಬರೆದು ತಾವೇ ಕಂಡುಕೊಳ್ಳಬೇಕು. ಆ ಮುಂದಿನ ಕಥೆಯನ್ನು ಬರೆಯುವ ಮನಸ್ಸು ಅವರಲ್ಲಿ ಉಳಿಯುವಂತೆ ನೋಡಿಕೊಂಡರೆ ಪತ್ರಿಕೆಯು ತನ್ನ ಪಾಲಿನ ಕೆಲಸವನ್ನು ಮಾಡಿತೆನ್ನಬಹುದು.